ಕಾಲರಿನ ಮೇಲಿನ ಬೂದಿ

"ಇದಕ್ಕ ಬರಿಗೈ ಹಚ್ಚಬ್ಯಾಡ್ರಿ ಯಕ್ಕಾ, ಇದು ಕನ್ನಡಿ ಇದ್ದಂಗ," ಅಂದ ಮಷೀನು ಕೂರಿಸಲು ಬಂದಿದ್ದ ಹುಲುಗೇಶ್. "ಒಣ ಹತ್ತಿ ಅರಿವಿಲೆ ಒರಸ್ರಿ, ಅಷ್ಟ. ನೀರು ಬ್ಯಾಡ, ಸೋಪು ಬ್ಯಾಡ."

"ಎಣ್ಣಿ?" ಅಂದಳು ಸೌಂದರ್ಯ.

"ಎಣ್ಣಿನೂ ಬ್ಯಾಡ. ಈ ಕಾಲರ್ ಮ್ಯಾಲ ಹಾಳಿ ಜಾರಬೇಕು, ಹುಡುಗ್ರು ಪಾರ್ಕಿನಾಗ ಜಾರಬಂಡಿ ಆಡಿದಂಗ. ಒಂದು ಗೀರು ಬಿತ್ತಂದ್ರ ನಿಮಗೂ ಊಟಿಲ್ಲ, ನನಗೂ ಊಟಿಲ್ಲ."

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಹಳೇ ಮನೆಯ ಪಡಸಾಲೆಯಲ್ಲಿ, ನಿನ್ನೆಯವರೆಗೂ ದಿವಾನ್ ಮಂಚ ಇದ್ದ ಜಾಗದಲ್ಲಿ, ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಇದ್ದ ಮಷೀನು ನಿಂತಿತ್ತು. ಹಿಂದುಗಡೆ ಪ್ಲಾಸ್ಟಿಕ್ ಹಾಳೆಯ ಸುರುಳಿ, ಟವೆಲ್ಲಿನಷ್ಟು ಅಗಲ. ಆ ಹಾಳೆ ಉರುಳೆಗಳ ಮೇಲೆ ಹತ್ತಿ ಮುಂದೆ ಬಂದು, ಅಂಗಿಯ ಕಾಲರ್ ಎತ್ತಿ ನಿಲ್ಲಿಸಿದಂಥ ಒಂದು ಸ್ಟೀಲ್ ತಗಡಿನ ಮೇಲೆ ಬೀಳುತ್ತಿತ್ತು. ಕಾಲರಿನ ಅಂಚು ದಾಟಿ ಒಳಕ್ಕೆ ಇಳಿಯುವಷ್ಟರಲ್ಲಿ ಚಪ್ಪಟೆ ಹಾಳೆ ದುಂಡಗೆ ಸುತ್ತಿ ಕೊಳವೆ ಆಗುತ್ತಿತ್ತು. ಎರಡು ಅಂಚು ಕೂಡಿದ ಕಡೆ ಕಾದ ಪಟ್ಟಿಯೊಂದು ಒತ್ತಿ ಅಂಟಿಸುತ್ತಿತ್ತು. ಮೇಲಿನಿಂದ ಶೇಂಗಾ ಚಟ್ನಿಪುಡಿ ಬೀಳುವುದು, ಕೆಳಗೆ ಎರಡು ದವಡೆ ಕಚ್ಚಿ ಕತ್ತರಿಸುವುದು, ಬುಟ್ಟಿಗೆ ಪೊಟ್ಟಣ ಬೀಳುವುದು. ಹಾಳೆಗೆ ಕೊನೆಯಿಲ್ಲ, ಕೊಳವೆಗೂ ಕೊನೆಯಿಲ್ಲ.

ಪೊಟ್ಟಣದ ಮೇಲೆ ಸೌಂದರ್ಯಳ ಅತ್ತೆ ಅಕ್ಕನಾಗಮ್ಮನ ಮುಖ ಇತ್ತು. ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು, ಕೆಳಗೆ ಕೆಂಪಕ್ಷರದಲ್ಲಿ 'ಅಕ್ಕನಾಗಮ್ಮನ ಶೇಂಗಾ ಚಟ್ನಿಪುಡಿ, ಮಡಿಯಿಂದ ಮಾಡಿದ್ದು'. ಮಡಿ ಅನ್ನುವ ಮಾತು ಹಾಕಿಸಿದ್ದು ಹಿರೇ ಮಗ ಚನ್ನಬಸವರಾಜ. ಹುರಿಯುವುದು, ಕುಟ್ಟುವುದು ಮಾತ್ರ ಕಿರೇ ಸೊಸೆ ಸೌಂದರ್ಯಳ ಕೆಲಸ. ಅವಳ ಗಂಡ ಶಶಿಕಾಂತ್ ಕುರುಗೋಡು ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಹೋಗಿ ಮೂರು ವರ್ಷ ಆಗಿತ್ತು. ಆ ಮೂರೂ ವರ್ಷ ಅವಳು ಪೊಟ್ಟಣದ ಬಾಯನ್ನು ಗರಗಸದ ಬ್ಲೇಡಿಗೆ ಮಡಚಿ, ಮೇಣದಬತ್ತಿಯ ಮೇಲೆ ಎಳೆದು ಮುಚ್ಚಿದ್ದಳು. ಬಲಗೈ ಹೆಬ್ಬೆರಳಿನ ತುದಿಗೆ ಈಗ ಬಿಸಿಯೂ ಗೊತ್ತಾಗುತ್ತಿರಲಿಲ್ಲ, ತಂಪೂ ಗೊತ್ತಾಗುತ್ತಿರಲಿಲ್ಲ.

ಅಕ್ಕನಾಗಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಹುಲುಗೇಶನನ್ನು ನೋಡುತ್ತಿದ್ದಳು.

"ಯಾವೂರಪ್ಪಾ ನಿಂದು?"

"ಸಿರಿಗೇರಿ ರೀ ಅಮ್ಮಾ. ಕಂಪನಿ ಹುಬ್ಬಳ್ಯಾಗ, ಮನಿ ಸಿರಿಗೇರ್ಯಾಗ."

"ಸಿರಿಗೇರ್ಯಾಗ ಯಾರ ಪೈಕಿ?"

ಹುಲುಗೇಶ್ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. "ಕೆಳಗಿನ ಓಣಿ ರೀ. ಉಚ್ಚೆಂಗೆಮ್ಮನ ಮಗ," ಅಂದ. ಮತ್ತೆ ಪಾನಾ ಎತ್ತಿಕೊಂಡ.

ಅಕ್ಕನಾಗಮ್ಮ ಹರಡಿದ್ದ ಸೆರಗು ಎಳೆದುಕೊಂಡಳು. ಎದ್ದು ಒಳಗೆ ಹೋದಳು. ಹಿರೇ ಸೊಸೆ ಶೈಲಜಾ ಟ್ರೇಯಲ್ಲಿ ಟೀ ತಂದಾಗ ಮನೆಯವರಿಗೆ ಸ್ಟೀಲ್ ಲೋಟ ಇದ್ದವು, ಒಂದು ಮಾತ್ರ ಹಸಿರು ಪ್ಲಾಸ್ಟಿಕ್ಕಿನದು. ಬಚ್ಚಲಲ್ಲಿ ಇಟ್ಟಿದ್ದದ್ದು. ಹುಲುಗೇಶ್ ಅದನ್ನು ನೋಡಿದ, ಕುಡಿದ, ತಾನೇ ತೊಳೆದು ಹೊರಗಿನ ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕಿದ. ಅದೆಲ್ಲಿ ಇಡಬೇಕು ಅಂತ ಯಾರೂ ಹೇಳಿರಲಿಲ್ಲ.

"ಟೀ ಚಲೋ ಐತಿ ರೀ," ಅಂದ.

ಅವತ್ತು ಸಂಜೆವರೆಗೆ ಮಷೀನು ನೀರು ಹರಿದ ಹಾಗೆ ಓಡಿತು. ಪ್ರತಿ ಪೊಟ್ಟಣದ ನಡುಮಧ್ಯೆ ಅಕ್ಕನಾಗಮ್ಮ, ಬೆನ್ನಿಗೆ ನೆಟ್ಟಗಿನ ಅಂಟು. ಸೌಂದರ್ಯಳ ಮಗಳು ಐಶ್ವರ್ಯ, ಒಂಬತ್ತನೇ ತರಗತಿ, ಸಾಲಿಯಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಬುಟ್ಟಿಯ ಮುಂದೆ ಕೂತುಬಿಟ್ಟಳು. "ಅಜ್ಜಿ ಬಿದ್ಲು! ಇನ್ನೊಂದು ಅಜ್ಜಿ ಬಿದ್ಲು!" ಅಂತ ಒಂದೇ ನಗು. ಅಕ್ಕನಾಗಮ್ಮನೂ ನಕ್ಕಳು.

ರಾತ್ರಿ ಊಟಕ್ಕೆ ಕೂತಾಗ ಚನ್ನಬಸವರಾಜ ರೊಟ್ಟಿ ಮುರಿಯುತ್ತ ಹೇಳಿದ. "ನೋಡವಾ ಸೌಂದರ್ಯಾ, ನೆಟ್ಟಗ ಹೇಳಿಬಿಡ್ತೀನಿ. ಒಂದು ತಿಂಗಳು ನೋಡಾಣ. ಸಿರುಗುಪ್ಪ, ಕುರುಗೋಡು ಅಂಗಡಿಗುಳು ಹಿಡಿದ್ರ ಮಷೀನು ನಿನ್ನ ಕೈಯಾಗ. ನೀನೂ ನಿನ್ನ ಮಗಳೂ ಈ ಮನ್ಯಾಗ. ಹಿಡೀಲಿಲ್ಲಂದ್ರ ಮಷೀನು ಮಾರಿಬಿಡ್ತೀನಿ. ಆಮ್ಯಾಲ ನಿನಗಿಲ್ಲಿ ಕೆಲಸ ಏನೈತಿ? ದೇಶನೂರಾಗ ನಿಮ್ಮಣ್ಣ ಅದಾನಲ್ಲ."

"ಅವಳ ಖೋಲಿ ಖಾಲಿ ಆದ್ರ ನಮ್ಮ ಅಂಜನಾ ಹೆರಿಗಿಗೆ ಬಂದಾಗ ಅನುಕೂಲ ಆಕ್ಕೈತಿ," ಅಂದಳು ಶೈಲಜಾ, ಪಲ್ಯ ಬಡಿಸುತ್ತ. ಅಂಜನಾ ಅವಳ ತಂಗಿ. "ಸುಮ್ನ ಹೇಳಿದೆ. ನನಗೇನೂ ಅವಸರಿಲ್ಲ."

"ನಡೀತೈತಿ ಬಾವಾರ, ಮಷೀನು," ಅಂದಳು ಸೌಂದರ್ಯ. "ಇವತ್ತು ನೋಡಿದ್ರಲ್ಲ."

ಮರುದಿನ ಮಷೀನು ಅತ್ತಿತು. ಅಳುವುದು ಅಂದರೆ ಅಳುವುದೇ. ಹಾಳೆ ಕಾಲರಿನ ಮೇಲೆ ಹತ್ತುವಾಗ ಕಿರ್ರ್ ಅನ್ನುತ್ತ ಒಂದು ಪಕ್ಕಕ್ಕೆ ಎಳೆಯಿತು. ಕೊಳವೆ ಸೊಟ್ಟಗೆ ತಿರುಚಿತು. ಬೆನ್ನಿಗೆ ಬೀಳಬೇಕಾದ ಅಂಟು ಮುಂದಕ್ಕೆ ಬಂತು, ಬಂದು ಅಕ್ಕನಾಗಮ್ಮನ ಬಲಗೆನ್ನೆಯ ಮೇಲೆ ಕೂತಿತು. ಸೌಂದರ್ಯ ನಿಲ್ಲಿಸಿದಳು, ಹಾಳೆ ಸರಿಸಿದಳು, ಮತ್ತೆ ಶುರು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಅಂಟು ಕಣ್ಣಿಗೆ ಬಂದಿತ್ತು.

"ಹೆಂಗಾರ ಆಗ್ಲಿ, ಬಾಯಿ ಮುಚ್ಚಿದ್ರ ಸಾಕು," ಅಂತ ಚನ್ನಬಸವರಾಜ ಅವನ್ನೇ ಚೀಲಕ್ಕೆ ತುಂಬಿ ಬೈಕಿಗೆ ಕಟ್ಟಿದ. ಬಾಯಿ ಮುಚ್ಚಿದ್ದವು, ಬೆನ್ನು ಮುಚ್ಚಿರಲಿಲ್ಲ. ನಾಲ್ಕು ದಿನಕ್ಕೆ ಕುರುಗೋಡಿನಿಂದ ಅರ್ಧ ವಾಪಸು ಬಂದವು, ಸಿರುಗುಪ್ಪದಿಂದ ಪೂರಾ. ಚನ್ನಬಸವರಾಜ ಚೀಲವನ್ನು ಪಡಸಾಲೆಯ ನಡುವೆ ಸುರಿದ. ಪುಡಿ, ಎಣ್ಣೆ, ಕೆಂಪಿರುವೆ.

"ಆ ವೆಂಕಣ್ಣ ಶೆಟ್ಟಿ ಗಿರಾಕಿಗುಳ ಮುಂದ ನನಗೇನಂದ ಗೊತ್ತೈತಾ? 'ಏಮಿ ಬಸವರಾಜಪ್ಪಾ, ನಿಮ್ಮವ್ವನ ಮುಖ ಹರದೈತಲ್ಲೋ, ಹೊಲಿಗಿ ಯಾವ ದವಾಖಾನ್ಯಾಗ ಹಾಕಿಸಿದಿ' ಅಂದ. ಅಂಗಡಿ ತುಂಬ ನಕ್ಕರು."

ಅಕ್ಕನಾಗಮ್ಮ ಒಂದು ಪೊಟ್ಟಣ ಎತ್ತಿ ಕಣ್ಣ ಹತ್ತಿರ ಹಿಡಿದಳು. ಹಣೆಯಿಂದ ಗದ್ದದವರೆಗೆ ಸುಟ್ಟ ಗೆರೆ. "ಅಯ್ಯ ಶಿವನ! ಜೀವಂತ ಇರೋಳ ಮುಖದ ಮ್ಯಾಲ ಕಾಸಿದ ಕಬ್ಬಿಣ ಇಟ್ಟಾನ."

"ಯಾರತ್ತಿ?"

"ಮತ್ಯಾರು? ಪ್ಲಾಸ್ಟಿಕ್ ಲೋಟದಾಗ ಟೀ ಕೊಟ್ಟೆ ಅಂತ ಹಗಿ ಸಾಧಸಾಕತ್ಯಾನ."

"ಅವ ಹೋದ ಮ್ಯಾಲ ಹಾಳಾತು ಅತ್ತಿ. ಅವ ಇದ್ದಾಗ ಚಲೋ ಇತ್ತು."

"ಅದಕ್ಕ ಹೇಳಿದ್ದು. ಹೋಗುವಾಗ ಏನೋ ಮಾಡಿಟ್ಟು ಹೋಗ್ಯಾನ."

ಮೂರನೇ ವಾರದ ಕೊನೆಗೆ ಹುಲುಗೇಶ್ ಮತ್ತೆ ಬಂದ. ಕಾಲರ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಹುಬ್ಬು ಗಂಟಿಕ್ಕಿದ. ಚೀಲದಿಂದ ಪಾಲಿಶ್ ಡಬ್ಬಿ ತೆಗೆದು ಎರಡು ತಾಸು ಕೂತು ತೀಡಿದ. ಹಾಗೆ ತೀಡುವಾಗ ಸೌಂದರ್ಯಳಿಗೆ ಕಿವಿಯಿಂದ ಮಷೀನು ನಡೆಸುವುದು ಹೇಗೆ ಅಂತ ಹೇಳಿಕೊಟ್ಟ.

"ಕಣ್ಣಿಲೆ ನೋಡಿ ತಿಳಕೊಳ್ಳೋ ಹೊತ್ತಿಗೆ ಹತ್ತು ಪಾಕೀಟು ಹೋಗಿರ್ತಾವ. ಕಿವಿ ಕೊಡ್ರಿ. ಸುಸ್ ಅಂತಿದ್ರ ಆರಾಮ ಐತಿ. ಚರ್ ಅಂದ್ರ ಎಡಕ್ಕ ಎಳಿಯಾಕತ್ತೈತಿ. ಏನೂ ಅನ್ನಲಿಲ್ಲಂದ್ರ ಹಾಳಿ ಹರದೈತಿ, ಓಡಿ ಬರ್ರಿ."

"ನನ್ನ ಗಂಡನ್ನ ನಡಿಸಿದಂಗ," ಅಂದಳು ಶೈಲಜಾ ಒಳಗಿನಿಂದ. ಹುಲುಗೇಶ್ ನಕ್ಕುಬಿಟ್ಟ. ಸೌಂದರ್ಯಳೂ ಬಾಯಿಗೆ ಸೆರಗು ಹಿಡಿದಳು.

ಅವತ್ತು ಅವನಿಗೆ ಊಟ ಹೊರಗಿನ ಕಟ್ಟೆಯ ಮೇಲೆ, ಬಾಳೆಲೆಯಲ್ಲಿ ಅಲ್ಲ, ದಿನಪತ್ರಿಕೆಯ ಮೇಲೆ ಎರಡು ರೊಟ್ಟಿ. ತಿಂದ, ಹಾಳೆ ಮಡಚಿ ಚೀಲದಲ್ಲೇ ಇಟ್ಟುಕೊಂಡ, ಹಸಿರು ಲೋಟ ತೊಳೆದ. ಮಷೀನು ಸುಸ್ ಅಂತ ಓಡಿತು.

ಮರುದಿನ ಬೆಳಿಗ್ಗೆ ಚರ್ ಅಂದಿತು.

ಸೌಂದರ್ಯ ಸ್ವಿಚ್ ಆರಿಸಿ ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಾವ ಕೊಟ್ಟ ಒಂದು ತಿಂಗಳಲ್ಲಿ ಇಪ್ಪತ್ತೊಂದು ದಿನ ಆಗಿದ್ದವು ಅವತ್ತಿಗೆ. ಐಶ್ವರ್ಯ ಜಡೆ ಹಾಕಿಸಿಕೊಳ್ಳಲಿಕ್ಕೆ ಬಂದು ತಾಯಿಯ ಮುಂದೆ ಬೆನ್ನು ಮಾಡಿ ಕೂತಳು.

"ಮಮ್ಮಿ, ಅಜ್ಜಿ ನಿನ್ನೆ ಅದನ್ನ ಎಷ್ಟು ಚಂದ ತಿಕ್ಕಿದ್ಲು ಗೊತ್ತಾ? ಬೆಳ್ಳಗ ಮಾಡಿಬಿಟ್ಲು."

"ಯಾವುದನ್ನ?"

"ಅದ, ಕಾಲರನ್ನ. ದೇವರ ತಂಬಿಗಿ ತಿಕ್ಕೋ ಹಂಗ. ಹೋದ ಸಲ ಆ ಅಂಕಲ್ ಬಂದು ಹೋದಾಗೂ ತಿಕ್ಕಿದ್ಲಲ್ಲ, ನೀನು ನೀರು ತರಾಕ ಹೋಗಿದ್ದಿ."

ಸೌಂದರ್ಯಳ ಕೈಯಲ್ಲಿ ಜಡೆ ಅರ್ಧಕ್ಕೆ ನಿಂತಿತು. ಮಗಳನ್ನು ಪಕ್ಕಕ್ಕೆ ಸರಿಸಿ ಎದ್ದು, ಕಾಲರಿನ ಮಡಿಕೆಯೊಳಗೆ ಬೆರಳು ಹಾಕಿದಳು. ಹೆಬ್ಬೆರಳಿಗೆ ಏನೂ ಗೊತ್ತಾಗುವಂತಿರಲಿಲ್ಲ, ಕಿರುಬೆರಳು ಹಾಕಿದಳು. ಹುಣಸೆಹಣ್ಣಿನ ಜಿಗಿ. ಅದರೊಳಗೆ ಬೂದಿ. ತೆಂಗಿನ ನಾರಿನ ಒಂದು ಎಳೆ.

ಮೂರನೇ ಸಲ ಹುಲುಗೇಶ್ ಬಂದಾಗ ಅವನಿಗೂ ಗೊತ್ತಾಗಿತ್ತು. ಪಾಲಿಶ್ ಡಬ್ಬಿ ತೆಗೆಯಲೇ ಇಲ್ಲ. ಕಾಲರ್ ಬಿಚ್ಚಿ ಚನ್ನಬಸವರಾಜನ ಮುಂದೆ ಹಿಡಿದ.

"ಸಾರ್, ಇದು ಹೋತು. ಹೊಸಾದ ಹಾಕಬೇಕು. ಯಾರೋ ಇದನ್ನ ನಾರು ಹಾಕಿ ತಿಕ್ಯಾರ."

"ನಮ್ಮ ಮನ್ಯಾಗ ಯಾರಿಗೈತಿ ಅಂಥಾ ತಿಂಡಿ?"

"ನಾ ಹೆಂಗ ಹೇಳ್ಲಿ ಸಾರ್. ಗೀರು ಹೇಳತಾವ. ಒಮ್ಮಿ ಅಲ್ಲ, ಎರಡು ಸಲ ತಿಕ್ಯಾರ. ನಾ ಬಂದು ಹೋದ ಮ್ಯಾಲ."

"ಏಯ್, ನೀ ಬಂದು ಹೋದ ಮ್ಯಾಲ ಅಂದ್ರ ಏನರ್ಥ? ಏನ್ ಹೇಳಾಕ ಹೊಂಟಿ ನೀನು?"

"ನಾನೇನೂ ಹೇಳವಲ್ಲೆ ಸಾರ್." ಹುಲುಗೇಶ್ ಕಿಟಕಿ ಕಟ್ಟೆಯ ಮೇಲಿದ್ದ ಲೋಟ ನೋಡಿದ, ಆಮೇಲೆ ನೆಲ ನೋಡಿದ. "ಕಂಪನಿಗೆ ಬರದು ಕಳಸ್ತೀನಿ. ಕಸ್ಟಮರ್ ತಪ್ಪು ಅಂತ ಬಂದ್ರ ನೀವ ಕೊಳ್ಳಬೇಕು. ಕಂಪನಿ ತಪ್ಪಿದ್ರ ಗ್ಯಾರಂಟಿಯಾಗ ಕೊಡ್ತಾರ."

ಅವನು ಹೋದ. ಚನ್ನಬಸವರಾಜ ಊಟಕ್ಕೆ ಕೂತ, ಸಿಟ್ಟಿನಲ್ಲಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡ, ಸಾರು ಇನ್ನೂ ಬಡಿಸಿರಲಿಲ್ಲ.

"ಸುಳ್ಳ ಸುಳ್ಳ ನಮ್ಮ ಮ್ಯಾಲ ಹಾಕ್ತಾನ ನೋಡ್ರಿ."

"ಸುಳ್ಳಲ್ಲ ಬಾವಾರ," ಅಂದಳು ಸೌಂದರ್ಯ. ಮನೆಯಲ್ಲಿ ಅವಳು ಊಟದ ಹೊತ್ತಿಗೆ ಬಾಯಿ ತೆರೆದದ್ದು ಕಡಿಮೆ. "ಅತ್ತಿ ತಿಕ್ಕ್ಯಾರ. ಬೂದಿ, ಹುಣಸಿಹಣ್ಣು ಹಾಕಿ. ಐಶೂ ನೋಡ್ಯಾಳ."

ಶೈಲಜಾಳ ಸೌಟು ಪಾತ್ರೆಯ ಅಂಚಿಗೆ ತಾಗಿ ಠಣ್ ಅಂದಿತು. ಎಲ್ಲರೂ ಅಕ್ಕನಾಗಮ್ಮನ ಕಡೆ ನೋಡಿದರು. ಅಕ್ಕನಾಗಮ್ಮ ತುತ್ತು ನುಂಗಿ, ನೀರು ಕುಡಿದು, ನಿಧಾನಕ್ಕೆ ಹೇಳಿದಳು.

"ತಿಕ್ಕೀನಿ. ಏನೀಗ? ಅವ ಹತ್ತೂ ಬೆರಳು ಹಚ್ಚಿ ಸವರಿದ್ದು. ಅದರ ಮ್ಯಾಲ ಹಾದು ಬಂದ ಹಾಳ್ಯಾಗ ನಾಕು ಮಂದಿ ತಿನ್ನೋ ಪದಾರ್ಥ ತುಂಬಬೇಕು. ಮ್ಯಾಲ ನನ್ನ ಮುಖ ಐತಿ, ಮಡಿ ಅಂತ ಬರದೈತಿ. ತಂಬಿಗಿ ಮೈಲಿಗಿ ಆದ್ರ ತಿಕ್ಕಲ್ಲೇನು?"

"ಅದು ತಂಬಿಗಿ ಅಲ್ಲತ್ತಿ."

"ಸ್ಟೀಲೋ ಅಲ್ಲೋ?"

"ಸ್ಟೀಲ."

"ಮತ್ತ?"

ಚನ್ನಬಸವರಾಜ ಬಹಳ ಹೊತ್ತು ಅನ್ನ ಕಲಸಿದ. ಅವನೇನು ದಡ್ಡನಲ್ಲ. ಗೊತ್ತಾಯಿತು ಅವನಿಗೆ. ಗೊತ್ತಾದ ಮೇಲೆ ಅವನು ನೋಡಿದ್ದು ತಾಯಿಯ ಕಡೆ ಅಲ್ಲ, ಸೌಂದರ್ಯಳ ಕಡೆ.

"ನೀ ಕಣ್ಣಾರೆ ನೋಡಿದ್ದಲ್ಲ. ಹುಡುಗಿ ನೋಡೈತಿ. ಹುಡುಗಿ ಮಾತು ಬಿಡು. ನಾಳಿ ಕಂಪನಿಗೆ ಫೋನ್ ಹಚ್ಚಿ ಕೊಡ್ತೀನಿ, ಮಷೀನ್ ನಡಸೋರು ಯಾರು ಅಂತ ಕೇಳತಾರ. ನೀ ಹೇಳಬೇಕು, ಆ ಹುಡುಗ ಉಪ್ಪುಕಾಗದ ಹಾಕಿ ತಿಕ್ಕಿದ್ದು ನಾ ನೋಡೀನಿ ಅಂತ."

"ಅವನ ಕೆಲಸ ಹೋಕ್ಕೈತಲ್ರಿ ಬಾವಾರ."

"ನಿಂದು ಉಳೀತೈತಲ್ಲ."

"ನಾ ಹೇಳಂಗಿಲ್ಲ."

ಸಂಜೆ ಟೀ ಬಂತು. ಚನ್ನಬಸವರಾಜನಿಗೆ ಸ್ಟೀಲ್ ಲೋಟ, ಶೈಲಜಾಗೆ ಸ್ಟೀಲ್ ಲೋಟ, ಐಶ್ವರ್ಯಳ ಹಾಲಿಗೆ ಸ್ಟೀಲ್ ಲೋಟ. ಅಕ್ಕನಾಗಮ್ಮ ತಾನೇ ಹೊರಗೆ ಹೋಗಿ ಕಿಟಕಿ ಕಟ್ಟೆಯಿಂದ ಹಸಿರು ಲೋಟ ತಂದು, ಮೇಲಿನಿಂದ ಎತ್ತಿ ಟೀ ಸುರಿದು, ಸೌಂದರ್ಯಳ ಮುಂದೆ ಕಾಲಿನಿಂದ ಸರಿಸಿದಳು.

"ಅವ ನಿನಗ ಅಷ್ಟು ಬೇಕಾದಾವ ಇದ್ರ, ಅವನ ಲೋಟ ಏನು ಕಚ್ಚತೈತಾ?"

ಹೀಗೆ ಐದು ದಿನ. ಬೆಳಿಗ್ಗೆ ಹಸಿರು ಲೋಟ, ಸಂಜೆ ಹಸಿರು ಲೋಟ. ಊಟ ಎಲ್ಲರದೂ ಆದ ಮೇಲೆ, ಅಡುಗೆಮನೆಯ ಹೊಸ್ತಿಲಿನ ಹೊರಗೆ. ಕೊಡ ಮುಟ್ಟಬೇಡ ಅಂದರು, ನೀರು ಶೈಲಜಾ ಮೇಲಿನಿಂದ ಹಾಕುತ್ತಿದ್ದಳು. ಮೊದಲ ದಿನ ಶೈಲಜಾ ಮುಖ ಆ ಕಡೆ ತಿರುಗಿಸಿ ಹಾಕಿದಳು. ಮೂರನೇ ದಿನಕ್ಕೆ ರೂಢಿ ಆಗಿತ್ತು, "ಬಗ್ಗು ಇನ್ನೊಂಚೂರು, ಸೀರಿಗೆ ಸಿಡೀತೈತಿ" ಅಂದಳು. ಬಾಗಿಲಿಗೆ ಬಂದ ಹಾಲಿನವನ ಮುಂದೆ ಅಕ್ಕನಾಗಮ್ಮ ದೊಡ್ಡ ದನಿಯಲ್ಲಿ, "ನಮ್ಮ ಮನ್ಯಾಗ ಈಗ ಎರಡು ಪಂಕ್ತಿ ಆಗ್ಯಾವಪ್ಪ," ಅಂತ ನಕ್ಕಳು. ಪಡಸಾಲೆಯಲ್ಲಿ ಕಾಲರ್ ಬಿಚ್ಚಿದ ಮಷೀನು ಕುತ್ತಿಗೆ ಇಲ್ಲದೆ ನಿಂತಿತ್ತು. ಸೌಂದರ್ಯ ಮತ್ತೆ ಬ್ಲೇಡು, ಮೇಣದಬತ್ತಿ ಹಿಡಿದಿದ್ದಳು.

ಐಶ್ವರ್ಯ ನಾಲ್ಕನೇ ದಿನ ಕೇಳಿದಳು. "ಮಮ್ಮಿ, ನಿನಗ್ಯಾಕ ಆ ಲೋಟ?"

"ಸ್ಟೀಲ್ ಲೋಟ ಕೈ ಸುಡ್ತೈತಿ, ಅದಕ್ಕ."

"ನಿನ್ನ ಕೈಗೆ ಬಿಸಿ ಗೊತ್ತ ಆಗಂಗಿಲ್ಲಲ್ಲ."

"ಸಾಲಿಗೆ ಹೊತ್ತಾತು, ಹೋಗು."

ಐದನೇ ದಿನ ಚನ್ನಬಸವರಾಜ ಎಲ್ಲರೂ ಇರುವಾಗಲೇ ದೇಶನೂರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಸೌಂದರ್ಯಳ ಅಣ್ಣನ ಕೂಡ ಮಾತಾಡಿದ.

"ಆದಿತ್ಯವಾರ ಬಂದು ನಿಮ್ಮ ತಂಗೀನ ಕರಕೊಂಡು ಹೋಗ್ರಪ್ಪಾ. ನಮ್ಮ ಕೂಡ ಹೊಂದಾಣಿಕಿ ಆಗವಲ್ದು."

ಆ ಕಡೆ ಟ್ರಾಕ್ಟರ್ ಓಡುತ್ತಿತ್ತು. "ಈಗ ಭತ್ತ ನಾಟಿ ನಡದೈತಿ ಬಸಣ್ಣಾ," ಅಂದ ಅಣ್ಣ. "ನಮ್ಮ ಮನ್ಯಾಗ ಜಾಗಾನೂ ಅಷ್ಟಕ್ಕಷ್ಟ. ಆಕಿ ಒಬ್ಬಾಕಿ ಆದ್ರ ಹೆಂಗೋ. ನಾಟಿಗೆ ಹೋಗಾಕ ಒಂದಾಳು ಆಕ್ಕಾಳ. ಹುಡುಗಿ ಬ್ಯಾರೆ ಐತಿ. ಹುಡುಗಿಗೆ ಹದಿನೈದು ಆತಲ್ಲ, ಎಲ್ಲ್ಯಾರ ಒಂದು ಕಡೆ ನೋಡಿ ಕೊಟ್ಟುಬಿಟ್ರ..."

"ಕೇಳಿದಿಯಲ್ಲ?" ಅಂದ ಚನ್ನಬಸವರಾಜ, ಫೋನಿಗೆ ಅಂಗೈ ಅಡ್ಡ ಹಿಡಿದು.

ಸೌಂದರ್ಯ ಮೇಣದಬತ್ತಿ ಊದಿ ಆರಿಸಿದಳು.

"ಕಂಪನಿಗೆ ಹಚ್ಚಿ ಕೊಡ್ರಿ," ಅಂದಳು.

ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಬಹಳ ಮರ್ಯಾದೆಯಿಂದ ಮಾತಾಡಿದಳು. ಈ ಕರೆ ರೆಕಾರ್ಡ್ ಆಗುತ್ತದೆ ಮೇಡಂ ಅಂದಳು. ಸೌಂದರ್ಯ ಹೂಂ ಅಂದಳು. ಮಷೀನ್ ನೀವೇ ನಡೆಸುತ್ತೀರಾ? ಹೂಂ. ಕಾಲರಿಗೆ ಏನಾಯಿತು?

"ಹುಲುಗೇಶ್ ಅನ್ನೋರು ಉಪ್ಪುಕಾಗದ ಹಾಕಿ ತಿಕ್ಕಿದ್ರು. ನಾ ನೋಡೀನಿ."

"ಒಂದು ಸಲವಾ, ಎರಡು ಸಲವಾ?"

ಸೌಂದರ್ಯ ಅತ್ತೆಯ ಕಡೆ ನೋಡಿದಳು. ಅಕ್ಕನಾಗಮ್ಮ ಎರಡು ಬೆರಳು ಎತ್ತಿ ತೋರಿಸಿದಳು.

"ಎರಡು ಸಲ."

"ಬೇಡ ಅಂತ ನೀವು ಹೇಳಲಿಲ್ಲವಾ?"

"ಹೇಳಿದೆ. ಕೇಳಲಿಲ್ಲ."

ಅದು ಯಾರೂ ಹೇಳಿಕೊಡದ ಮಾತು. ಹೆಚ್ಚುವರಿ ಸುಳ್ಳು, ಅವಳದೇ ಸ್ವಂತದ್ದು. ಫೋನ್ ಇಟ್ಟ ಮೇಲೆ ಶೈಲಜಾ ಹುಬ್ಬೇರಿಸಿ, "ಚಲೋ ಹೇಳ್ತೀಯವ," ಅಂದಳು. ಆ ಸಂಜೆ ಟೀ ಸ್ಟೀಲ್ ಲೋಟದಲ್ಲಿ ಬಂತು, ಸಕ್ಕರೆ ಒಂದು ಚಮಚ ಹೆಚ್ಚಿಗೆ. ಹಸಿರು ಲೋಟ ಮತ್ತೆ ಕಿಟಕಿ ಕಟ್ಟೆಗೆ ಹೋಯಿತು.

"ಬಿಸಾಕ್ಲೇನು ಅತ್ತಿ?" ಅಂದಳು ಶೈಲಜಾ.

"ಇರ್ಲಿ ಬಿಡು," ಅಂದಳು ಅಕ್ಕನಾಗಮ್ಮ. "ಬೇಕಾಕ್ಕೈತಿ."

ಹದಿನೈದು ದಿನಕ್ಕೆ ಹೊಸ ಕಾಲರ್ ಬಂತು, ಗ್ಯಾರಂಟಿಯಲ್ಲಿ, ಮೆತ್ತನೆ ಸ್ಪಂಜಿನ ಪೆಟ್ಟಿಗೆಯೊಳಗೆ. ತಂದವನು ಹೊಸಬ, ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಚನ್ನಬಸವರಾಜ ಬಾಗಿಲಲ್ಲೇ ಹೆಸರು ಕೇಳಿದ.

"ಮಲ್ಲಯ್ಯ ಸಾರ್."

"ಅಯ್ಯನೋರ!" ಜಂಗಮರ ಹೆಸರು ಕೇಳಿದ್ದೇ ಅಕ್ಕನಾಗಮ್ಮ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ಬಂದಳು. "ಬರ್ರಿ, ಬರ್ರಿ. ಕಾಲಿಗೆ ನೀರು ಕೊಡವಾ ಶೈಲಜಾ. ಈಗರ ಕಂಪನಿಯೋರಿಗೆ ಬುದ್ಧಿ ಬಂತು, ನಮ್ಮ ಮಂದೀನ್ನ ಕಳಿಸ್ಯಾರ."

ಮಲ್ಲಯ್ಯ ಚಪ್ಪಲಿ ಬಿಟ್ಟ. ಕಾಲು ತೊಳೆದ. ಕಾಲರ್ ಕೂರಿಸಿದ, ಹಾಳೆ ಏರಿಸಿದ, ಗುಂಡಿ ಒತ್ತಿದ. ಹಾಳೆ ಸುಸ್ ಅಂತ ಹತ್ತಿ, ಅಂಚಿನಲ್ಲಿ ಮಡಚಿ, ದುಂಡಗಾಗಿ ಇಳಿಯಿತು. ಅಕ್ಕನಾಗಮ್ಮನ ಮುಖ ನಡುಮಧ್ಯೆ, ಒಂದು ಕಲೆ ಇಲ್ಲದೆ.

"ಕೈ ಗುಣ ನೋಡು," ಅಂದಳು ಅಕ್ಕನಾಗಮ್ಮ. ಮಧ್ಯಾಹ್ನ ಅಡುಗೆಮನೆಯ ಒಳಗೇ ಮಣೆ ಹಾಕಿಸಿ, ಸ್ಟೀಲ್ ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ಮೇಲೆ ತುಪ್ಪ. ಅವನು ಸಾಕು ಅಂದರೂ ಬಿಡಲಿಲ್ಲ, ತಾಟಿನ ಮೇಲೆ ಬಗ್ಗಿ ಇನ್ನೊಂದು ರೊಟ್ಟಿ ಹಾಕಿದಳು. "ಅಯ್ಯನೋರು ಉಂಡ್ರ ಮನಿಗೆ ಚಲೋದು."

ಊಟ ಆದ ಮೇಲೆ ಅವನು ಮಷೀನಿನ ಹತ್ತಿರ ಬಂದು ಸೌಂದರ್ಯಳ ಪಕ್ಕ ನಿಂತು, ಹಾಳೆಯ ಬಿಗಿ ನೋಡುವಂತೆ ಬಗ್ಗಿದ. ಮಷೀನಿನ ಸದ್ದಿನಲ್ಲಿ ಅವನ ಮಾತು ಅವಳಿಗೆ ಮಾತ್ರ ಕೇಳುತ್ತಿತ್ತು.

"ನೀವ ಅಲ್ಲೇನ್ರಿ, ಫೋನಿನಾಗ ಮಾತಾಡಿದ್ದು? ದನಿ ಗೊತ್ತಾತು. ಆಫೀಸಿನಾಗ ನಮ್ಮೆಲ್ಲರ್ನೂ ಕುಂದ್ರಿಸಿ ಆ ರೆಕಾರ್ಡ್ ಹಾಕಿ ಕೇಳಿಸಿದ್ರು. ಹುಲುಗೇಶ್ ಎದುರಿಗೇ ಕುಂತಿದ್ದ."

ಸೌಂದರ್ಯ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. "ಏನಂದ್ರು ಅವರು?"

"ಏನೂ ಅನ್ನಲಿಲ್ಲ. 'ಬ್ಯಾಡ ಅಂತ ಹೇಳಿದೆ, ಕೇಳಲಿಲ್ಲ' ಅಂದ್ರಲ್ಲ ನೀವು, ಅಲ್ಲಿ ಮಾತ್ರ ನಕ್ಕ. ಈಗ ಸಿರುಗುಪ್ಪದಾಗ ರೈಸ್‌ಮಿಲ್ಲಿಗೆ ಮೂಟಿ ಹೊರಾಕ ಹೊಕ್ಕಾನ."

"ನಿಮಗ ಹೆಂಗ ಗೊತ್ತು?"

"ನಮ್ಮ ಮನಿ ಗ್ವಾಡಿಗೆ ಅವರ ಮನಿ ಗ್ವಾಡಿ. ಸಿರಿಗೇರಿ, ಕೆಳಗಿನ ಓಣಿ." ಅವನು ಕಾಲರಿನ ಅಂಚನ್ನು ಬೆರಳಿನಿಂದ ಹಗುರಕ್ಕೆ ಸವರಿದ. ಹತ್ತೂ ಬೆರಳು. "ನಿಮ್ಮ ಮನ್ಯಾಗ ನನ್ನ ಹೆಸರು ಕೇಳಿದ್ರು, ಓಣಿ ಕೇಳಲಿಲ್ಲ."

ಸೌಂದರ್ಯ ಗಕ್ಕನೆ ತಿರುಗಿದಳು. ಅಡುಗೆಮನೆಯ ಕಡೆ ನೋಡಿದಳು. "ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಗೊತ್ತಾದ್ರ ಮತ್ತ ತಿಕ್ಕತಾರ. ನನ್ನ ಮಗಳು ಐತ್ರಿ..."

"ಹುಲುಗೇಶಗೂ ಅದಾಳ್ರಿ ಮಗಳು." ಮಲ್ಲಯ್ಯ ಚೀಲ ಹೆಗಲಿಗೆ ಹಾಕಿದ. "ನಾ ಯಾಕ ಹೇಳ್ಲಿ? ತುಪ್ಪ ಹಾಕಿ ಉಣಿಸ್ಯಾರ. ಆರು ತಿಂಗಳಿಗೊಮ್ಮಿ ಸರ್ವಿಸ್ ಐತಿ, ಬರ್ತೀನಿ. ಹಸದು ಬರ್ತೀನಿ."

ಅಕ್ಕನಾಗಮ್ಮನಿಗೆ ಕೈ ಮುಗಿದು ಅವನು ಹೊರಟ. ಅವಳು ಪಡಸಾಲೆಗೆ ಬಂದು, ಮಷೀನಿನ ಎದುರು ಮೊರ ಹಿಡಿದು ಶೇಂಗಾ ಹಸನು ಮಾಡಲಿಕ್ಕೆ ಕೂತಳು.

"ಏನಂತಿದ್ರು ಅಯ್ಯನೋರು? ಅಷ್ಟೊತ್ತು ಮಾತಾಡಿದ್ರಿ."

"ಅಡಿಗಿ ಚಲೋ ಆಗಿತ್ತಂತ."

"ಮತ್ತ? ಇದಕ್ಕ ಅನ್ನೋದು, ನಮ್ಮ ಮಂದಿ ಕೈ ಹಚ್ಚಿದ್ರ ಮಷೀನಿಗೂ ತಿಳೀತೈತಿ. ಇದನ್ನ ತಿಕ್ಕೋ ಕೆಲಸಿಲ್ಲ ನೋಡು ಇನ್ನ."

"ಹೌದತ್ತಿ."

ಐಶ್ವರ್ಯ ಸಾಲಿಯಿಂದ ಬಂದಳು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಅಡುಗೆಮನೆಯಲ್ಲಿ ನೋಡಿದಳು, ಲೋಟಗಳೆಲ್ಲ ಅಯ್ಯನೋರ ತಾಟಿನ ಜೊತೆ ಬಚ್ಚಲಲ್ಲಿ ನೆನೆಯುತ್ತಿದ್ದವು. ಕಿಟಕಿಯಿಂದ ಕೈ ಚಾಚಿ ಕಟ್ಟೆಯ ಮೇಲಿನ ಹಸಿರು ಲೋಟ ತೆಗೆದುಕೊಂಡು, ಕೊಡದಿಂದ ನೀರು ಬಗ್ಗಿಸಿಕೊಂಡು, ಅಳುತ್ತಿದ್ದ ಮಷೀನು ಈಗ ಅಳುತ್ತಿಲ್ಲ ಅನ್ನುವ ಖುಷಿಗೆ ಪಡಸಾಲೆಗೆ ಓಡಿ ಬಂದು ಲೋಟವನ್ನು ಬಾಯಿಗೆ ಇಟ್ಟಳು. ಅಕ್ಕನಾಗಮ್ಮನ ಮೊರ ನಿಂತಿತು.

ಸೌಂದರ್ಯಳ ಕೈ ಎದ್ದಿತು. ಏಟಿಗೆ ಲೋಟ ಹಾರಿ, ನೆಲಕ್ಕೆ ಬಿದ್ದು, ಉರುಳಿ ಮಷೀನಿನ ಕೆಳಗೆ ಹೋಯಿತು. ಹುಡುಗಿ ಒದ್ದೆಯಾದ ಗದ್ದ ಒರೆಸಿಕೊಳ್ಳದೆ ತಾಯಿಯನ್ನೇ ನೋಡುತ್ತ ನಿಂತಳು. ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಮೊರ ಮತ್ತೆ ಶುರುವಾಯಿತು. ಕಾಲರಿನ ಮೇಲೆ ಎರಡು ಹನಿ ನೀರು ಸಿಡಿದಿತ್ತು. ಸೌಂದರ್ಯ ಒಣ ಹತ್ತಿ ಅರಿವೆ ತೆಗೆದುಕೊಂಡು, ಗೀರು ಬೀಳದ ಹಾಗೆ, ಮೆಲ್ಲಗೆ ಅದನ್ನು ಒರೆಸಿದಳು.